ಒಂದೇ ಪಂಕ್ತಿ

"ಗ್ಯಾನೀಜಿ, ದೇವರು ಒಬ್ಬನೇ, ಅವನಿಗೆ ರೂಪವಿಲ್ಲ ಎಂದು ಮೊದಲ ಗುರುಗಳು ಹೇಳಿದರು. ರೂಪವಿಲ್ಲದವನು ಕಾಣುವುದು ಹೇಗೆ?" ಎಂದು ಅನೂಪ್ ಕೌರ್ ಕೇಳಿದಳು. ಬೀದರಿನ ಗುರುದ್ವಾರಕ್ಕೆ ಪಾಠಕ್ಕೆ ಬರತೊಡಗಿದಂದಿನಿಂದ ಈ ಪ್ರಶ್ನೆ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಗ್ರಂಥ ಓದಿ ಅರ್ಥ ಹೇಳುವ ಹಿರಿಯ ಮೆಹತಾಬ್ ಸಿಂಗರು ಉತ್ತರವಾಗಿ ಒಂದು ಕತೆ ಹೇಳಿದರು.

ಪಂಜಾಬಿನಲ್ಲಿ ಒಬ್ಬ ಕುದುರೆ ವ್ಯಾಪಾರಿ ಇದ್ದ. ಗುರುಗಳ ಮಾತು ಊರಿಂದ ಊರಿಗೆ ಹಬ್ಬುತ್ತಿದ್ದ ಆರಂಭದ ಕಾಲ ಅದು. ದುಡಿದು ತಿನ್ನು, ಹಂಚಿಕೊಂಡು ತಿನ್ನು, ದೇವರ ನಾಮ ಮರೆಯಬೇಡ, ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ. ಇಷ್ಟೇ ಆ ಮಾತು. ವ್ಯಾಪಾರಿ ಅದನ್ನು ಸಂತೆಯಲ್ಲಿ ಕೇಳಿದ. ಅವನ ಮೈ ಜುಮ್ಮೆಂದಿತು. ವರ್ಷಗಟ್ಟಲೆ ತೀರ್ಥಕ್ಷೇತ್ರ ಸುತ್ತಿದಾಗಲೂ ಹೀಗಾಗಿರಲಿಲ್ಲ. ವ್ಯಾಪಾರವನ್ನು ಅಲ್ಲಿಗೇ ಬಿಟ್ಟು, ಹೊಳೆ ದಾಟಿ, ಆಚೆ ದಡದಲ್ಲಿ ಗುರುಗಳ ಶಿಷ್ಯರು ಸೇರುತ್ತಿದ್ದ ಧರ್ಮಶಾಲೆಗೆ ಕುದುರೆ ಓಡಿಸಿದ.

ಬಾಗಿಲಲ್ಲಿದ್ದ ಹಿರಿಯ, ಮೊದಲು ಊಟಕ್ಕೆ ಕೂರಿ, ಉಪದೇಶ ಆಮೇಲೆ ಎಂದ. ಒಳಗೆ ಒಂದೇ ಪಂಕ್ತಿ. ಖಾಲಿ ಇದ್ದದ್ದು ಬೀದಿ ಗುಡಿಸುವ ಹೆಂಗಸೊಬ್ಬಳ ಪಕ್ಕದ ಜಾಗ. ಆಕೆ ಇನ್ನಷ್ಟು ಸರಿದು ಕೂತಳು. ವ್ಯಾಪಾರಿ ನಿಂತೇ ಇದ್ದ. ತನಗೆ ಬೇರೆ ಕಡೆ ಬಡಿಸಬೇಕೆಂದ.

"ಬೇರೆ ಕಡೆ ಎಂಬುದು ಇಲ್ಲಿಲ್ಲ," ಎಂದ ಹಿರಿಯ.

ವ್ಯಾಪಾರಿ ಸಿಟ್ಟಿನಿಂದ ಕುದುರೆ ಹತ್ತಿ ಹೊರಟ. ಅಷ್ಟರಲ್ಲಿ ಮೇಲಿನ ಬೆಟ್ಟಗಳಲ್ಲಿ ಮಳೆಯಾಗಿ ಹೊಳೆ ಏರಿತ್ತು. ಅವನು ಲೆಕ್ಕಿಸದೆ ಇಳಿದ. ನಡುನೀರಿನಲ್ಲಿ ಕುದುರೆಯ ಕಾಲು ಜಾರಿತು. ಕುದುರೆ ಈಜಿ ದಡ ಸೇರಿತು. ಅವನು ಮುಳುಗಿದ ಮರವೊಂದರ ಕೊಂಬೆಗೆ ಜೋತುಬಿದ್ದು ಕೂಗಿಕೊಂಡ.

ಪಂಕ್ತಿಗೆ ಪಂಕ್ತಿಯೇ ಎದ್ದು, ಎಂಜಲು ಕೈಯಲ್ಲೇ ಓಡಿಬಂತು. ಹಗ್ಗವಿರಲಿಲ್ಲ. ಒಬ್ಬ ರೈತ ಮುಂಡಾಸು ಬಿಚ್ಚಿದ. ನೇಕಾರ ಬಿಚ್ಚಿದ, ಕ್ಷೌರಿಕ ಬಿಚ್ಚಿದ, ಹಿರಿಯನೂ ಬಿಚ್ಚಿದ. ಗಂಟು ಹಾಕಿ ಎಸೆದರು. ಒಂದು ಮಾರು ಸಾಲದೆ ಹೋಯಿತು. ಆಗ ಆ ಹೆಂಗಸು ತಲೆಯ ಮೇಲಿನ ದುಪಟ್ಟಾ ತೆಗೆದು ತುದಿಗೆ ಕಟ್ಟಿದಳು. ಮತ್ತೆ ಎಸೆದರು. ಕೊಂಬೆ ಲಟಲಟನೆ ಮುರಿಯುತ್ತಿತ್ತು. ಬಟ್ಟೆಯ ತುದಿ ಅವನ ಮುಖದೆದುರೇ ಬಂದು ಬಿತ್ತು. ಅದು ಯಾರದೆಂದು ಅವನು ಕಣ್ಣಾರೆ ಕಂಡಿದ್ದ. ಎರಡೂ ಕೈಯಲ್ಲಿ ಹಿಡಿದ.

ಎಲ್ಲರೂ ಸೇರಿ ಜಗ್ಗಿದರು. ದಡಕ್ಕೆ ಬಿದ್ದ ವ್ಯಾಪಾರಿ ನಡುಗುತ್ತಿದ್ದ, ಅಳುತ್ತಿದ್ದ, ನಡುನಡುವೆ ನಗುತ್ತಿದ್ದ. ಎಳೆದವರಿಗೂ ನಗು ತಡೆಯಲಾಗಲಿಲ್ಲ. ಯಾರೋ ದೇವರ ನಾಮ ಹಾಡತೊಡಗಿದರು. ಎಲ್ಲರೂ ದನಿಗೂಡಿಸಿ, ಹಾಡುತ್ತಲೇ ಹಿಂದಿರುಗಿದರು. ಬಾಗಿಲಲ್ಲಿ ವ್ಯಾಪಾರಿ ಒದ್ದೆ ಬಟ್ಟೆಯಲ್ಲೇ ಆ ಹೆಂಗಸಿನ ಮುಂದೆ ನಿಂತ.

"ತಾಯಿ, ನಿಮ್ಮ ಪಕ್ಕದ ಜಾಗ ಇನ್ನೂ ಖಾಲಿ ಇದೆಯೇ?"

ಜಾಗ ಇದೆ, ರೊಟ್ಟಿ ಮಾತ್ರ ಆರಿಹೋಗಿದೆ ಎಂದಳು ಆಕೆ. ಅವನು ಕೂತು ಹೊಟ್ಟೆ ತುಂಬ ಉಂಡ. ಎದ್ದವನೇ ಕೈ ತೊಳೆದು, ಬಡಿಸುವವರ ಜೊತೆ ಸೇರಿಕೊಂಡ. ಮರಳಿ ವ್ಯಾಪಾರಕ್ಕೆ ಹೋದ ಮೇಲೂ, ಆ ದಾರಿಯಲ್ಲಿ ಬಂದಾಗಲೆಲ್ಲ ಅಲ್ಲಿಳಿದು ಬಡಿಸುತ್ತಿದ್ದ.

ಅನೂಪ್ ಕೌರ್ ಕತೆ ಮುಗಿಯುವುದನ್ನೇ ಕಾಯುತ್ತಿದ್ದಳು. ಅಷ್ಟು ಆಸೆಯಿಂದ ಓಡಿಬಂದವನಿಗೆ ಕಡೆಗೂ ದೇವರು ಕಂಡನೇ ಎಂದು ಅವಸರದಿಂದ ವಿಚಾರಿಸಿದಳು.

"ಮಗಳೇ, ಆ ಪಂಕ್ತಿಯಲ್ಲಿ ಅವನು ಒಬ್ಬರನ್ನೂ ಬಿಡದೆ ಬಡಿಸಿದ, ಇನ್ನು ದೇವರೊಬ್ಬನನ್ನು ಬಿಟ್ಟಿರುತ್ತಾನೆಯೇ?" ಎಂದರು ಮೆಹತಾಬ್ ಸಿಂಗರು.