ಮಾಳಿ ಬರೆದ ಮೂಗು

ಹತ್ತಿರ ಕೂತ್ಕೊಳ್ಳಿ, ಹೇಳ್ತೀನಿ. ಬೆಳಗಲ್ಲು ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ, ರಾಜನಿಗೊಬ್ಬ ಪ್ರಧಾನಿ. ಪ್ರಧಾನಿಯ ಹೆಸರು ದುಗ್ಗರಸ. ದಪ್ಪ ಮೀಸೆ, ಗಿಣಿಯ ಕೊಕ್ಕಿನ ಹಾಗೆ ಬಾಗಿದ ಮೂಗು. ಅವನ ಹಟ್ಟಿಯಲ್ಲಿ ಎಷ್ಟು ದನವೋ, ಮನೆಯಲ್ಲಿ ಅಷ್ಟು ತೊತ್ತುಗಳು. ತೊತ್ತು ಅಂದರೆ ಗೊತ್ತಲ್ಲ? ದುಡಿಯುವವರು ಅವರು, ಉಣ್ಣುವವನು ಒಡೆಯ. ಅವರ ಹೊಟ್ಟೆಯಲ್ಲಿ ಹುಟ್ಟಿದ ಕೂಸೂ ಒಡೆಯನ ಸೊತ್ತೇ.

ಒಂದು ಸಲ ಒಬ್ಬ ತೊತ್ತು ಸಭೆಗೆ ಬಂದು, ಒಡೆಯ ನನ್ನನ್ನು ನಾಯಿ ಅಂದ ಎಂದು ದೂರು ಕೊಟ್ಟ. ದುಗ್ಗರಸ ಅವತ್ತೇ ಒಂದು ಕಟ್ಟಳೆ ಮಾಡಿದ. ಅವಮಾನ ಆಯಿತು ಅನ್ನುವವನು ಎಲ್ಲರ ಎದುರು ನಿಂತು, "ಆ ನಾಯಿ ನಾನೇ" ಅಂತ ಒಪ್ಪಬೇಕು. ಒಪ್ಪಿದರೆ ಬೈದವನ ಬಲಗೈ ಹೆಬ್ಬೆರಳು ಹೋಗುತ್ತದೆ. ನಾನೇ ನಾಯಿ ಅಂತ ಯಾರು ಹೇಳಿಕೊಳ್ಳುತ್ತಾರೆ? ದೂರುಗಳೆಲ್ಲ ನಿಂತುಹೋದವು. ದುಗ್ಗರಸ ಮೀಸೆ ತಿರುವಿದ.

ಅವನ ಮನೆಯಲ್ಲಿ ಮಾಳಿ ಅಂತ ಒಬ್ಬಳು ತೊತ್ತು. ಗೋಡೆಗೆ ಸುಣ್ಣ ಬಳಿಯುವುದು, ಸುಣ್ಣದ ಮೇಲೆ ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆಯುವುದು ಅವಳ ಕೆಲಸ. ಅವಳಿಗೆ ಒಬ್ಬಳೇ ಮಗಳು, ನಿಂಗಿ. ನಿಂಗಿಯ ಅಪ್ಪ ಯಾರು ಅಂತ ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ಮಗುವಿನ ಮುಖ ನೋಡಿದ ಮೇಲೆ ಕೇಳುವ ಅಗತ್ಯವೂ ಇರಲಿಲ್ಲ. ಒಡೆಯ ತನ್ನದೆಂದು ಒಪ್ಪಿದ ಕೂಸು ತೊತ್ತಲ್ಲ ಅಂತ ಆ ರಾಜ್ಯದಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಒಪ್ಪಿದ ಪುಣ್ಯಾತ್ಮ ಮಾತ್ರ ಒಬ್ಬನೂ ಇರಲಿಲ್ಲ.

ದುಗ್ಗರಸನ ಮಗಳಿಗೆ ದೂರದ ಊರಿನ ಗಂಡು ಗೊತ್ತಾಯಿತು. ಮಗಳ ಜೊತೆ ಬಳುವಳಿ ಕಳಿಸಬೇಕಲ್ಲ? ತಾಮ್ರದ ಹಂಡೆ, ಬೀಟೆಯ ಮಂಚ, ಕರು ಹಾಕಿದ ಹಸು. ಅವುಗಳ ಜೊತೆಗೆ ನಿಂಗಿ.

ಮಾಳಿ ಹಿತ್ತಿಲ ಬಾಗಿಲಿಗೆ ಓಡಿಬಂದು ಕೈಮುಗಿದಳು. "ಒಡೆಯಾ, ನನಗಿರೋದು ಇದೊಂದೇ ಕೂಸು. ಬಿಟ್ಬಿಡಿ."

ದುಗ್ಗರಸ ಎಲೆಅಡಿಕೆ ಮೆಲ್ಲುತ್ತಾ ನಕ್ಕ. "ಮಂಕೇ, ಯಾಕೆ ಅಳ್ತೀಯ? ನಿಮ್ಮ ಭಾರ ಹೊತ್ತಿರೋರು ನಾವು. ನಿಮಗೆ ಅನ್ನ ಹಾಕೋರು ನಾವು. ನಿಮಗೆ ಅಪ್ಪ ಅಂದರೂ ನಾವೇ. ಅಪ್ಪ ಮಕ್ಕಳಿಗೆ ಕೆಟ್ಟದ್ದು ಮಾಡ್ತಾನಾ?"

ಈ ಮಾತನ್ನು ಅವನು ಸಭೆಯಲ್ಲೂ ಆಡುತ್ತಿದ್ದ, ಪಂಡಿತರು ತಲೆದೂಗುತ್ತಿದ್ದರು. ತೂಗದೆ ಏನು ಮಾಡುತ್ತಾರೆ? ಅವರ ಮನೆಯ ನೀರು ಹೊರುವವರೂ ತೊತ್ತುಗಳೇ.

ಮಾಳಿ ಕಣ್ಣೊರೆಸಿಕೊಂಡಳು. "ಆಯ್ತು ಒಡೆಯಾ. ನೀವು ಹೇಳಿದ್ದನ್ನೇ ಬೀದಿ ಗೋಡೆ ಮೇಲೆ ಬರೀತೀನಿ. ಮದುವೆಗೆ ಬಂದೋರು ನೋಡ್ಲಿ."

"ಬರಿ ಬರಿ," ಅಂದ ದುಗ್ಗರಸ. ಅವನಿಗೆ ಹಿಗ್ಗೋ ಹಿಗ್ಗು.

ಮೊದಲ ದಿನ ಮಾಳಿ ಬರೆದಳು. ಒಬ್ಬ ಡೊಳ್ಳುಹೊಟ್ಟೆಯವನು ಬಡಕಲು ಹೆಂಗಸಿನ ಹೆಗಲೇರಿ ಕೂತಿದ್ದಾನೆ. ಹೊತ್ತವಳ ಬೆನ್ನು ಬಾಗಿದೆ, ಬೆವರು ಒರೆಸಿಕೊಳ್ಳುತ್ತಿರುವವನು ಅವನು. ಸಂತೆಗೆ ಹೊರಟವರು ನಿಂತು ನೋಡಿ ಬಿದ್ದು ಬಿದ್ದು ನಕ್ಕರು. ದುಗ್ಗರಸ ಸುಣ್ಣ ಬಳಿಸಿದ. ಮಾಳಿಯನ್ನು ಹಿಡಿದು ಕೇಳುವ ಹಾಗಿರಲಿಲ್ಲ, ಕೇಳಿದರೆ ಆ ಡೊಳ್ಳುಹೊಟ್ಟೆ ತನ್ನದೇ ಅಂತ ಒಪ್ಪಿದ ಹಾಗೆ.

ಎರಡನೆಯ ದಿನ ಬರೆದಳು. ಹಸುವಿನ ಕೆಚ್ಚಲಿಗೆ ಉಣ್ಣೆಹುಳ ಕಚ್ಚಿಕೊಂಡಿದೆ. ರಕ್ತ ಕುಡಿದು ಊದಿದೆ. ಹುಳಕ್ಕೆ ಮುಂಡಾಸು, ದಪ್ಪ ಮೀಸೆ. ಒಂದು ಕಾಲಲ್ಲಿ ಒಣ ಹುಲ್ಲಿನ ಎಸಳು ಹಿಡಿದು, ತಗೋ ತಿನ್ನು ಅಂತ ಹಸುವಿಗೆ ನೀಡುತ್ತಿದೆ. ಊರು ಇನ್ನೂ ಜೋರಾಗಿ ನಕ್ಕಿತು. ದುಗ್ಗರಸ ಮತ್ತೆ ಸುಣ್ಣ ಬಳಿಸಿದ. ಬಳಿಯುವವರೂ ತೊತ್ತುಗಳೇ ತಾನೇ, ಸುಣ್ಣಕ್ಕೆ ಧಾರಾಳವಾಗಿ ನೀರು ಬೆರೆಸಿದರು. ಒಳಗಿನ ಕೆಂಪು ಹೊರಗೆ ಕಾಣುತ್ತಲೇ ಇತ್ತು.

ಮೂರನೆಯ ದಿನ ಬರೆದಳು. ಒಂದು ಹಂಡೆ, ಒಂದು ಮಂಚ, ಒಂದು ಹಸು. ಮಂಚದ ಕಾಲಿಗೆ ಮುಂಡಾಸಿನವನೊಬ್ಬ ಪುಟ್ಟ ಹುಡುಗಿಯನ್ನು ಹಗ್ಗದಿಂದ ಕಟ್ಟುತ್ತಿದ್ದಾನೆ. ಅವನಿಗೆ ದಪ್ಪ ಮೀಸೆ, ಗಿಣಿಮೂಗು. ಹುಡುಗಿಗೂ ಗಿಣಿಮೂಗು.

ಅವತ್ತು ಯಾರೂ ನಗಲಿಲ್ಲ. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಂದೆ ಹೋದರು.

ದುಗ್ಗರಸ ಚಿತ್ರವನ್ನು ನೆಟ್ಟಗೆ ನೋಡಲೂ ಇಲ್ಲ. ಉರಿದುಬಿದ್ದು ರಾಜನನ್ನೂ ಸಭೆಯನ್ನೂ ಗೋಡೆಯ ಹತ್ತಿರ ಕರೆತಂದ. ರಾಜ ಕೇಳಿದ, "ಬರೆದದ್ದು ಯಾರು?"

"ನಾನೇ ಸ್ವಾಮಿ," ಅಂದಳು ಮಾಳಿ. "ಯಾವನೋ ಪಾಪಿ ಅಪ್ಪನನ್ನ ಬರೆದೆ. ನಮ್ಮ ಒಡೆಯರು ಅಂಥೋರಲ್ಲ. ಇದು ನಾನಲ್ಲ ಅಂತ ಒಂದು ಮಾತು ಹೇಳ್ಲಿ, ಮನೆಗೆ ಹೋಗ್ತೀನಿ. ನಾಳೆ ಬೇರೆ ಬರೀತೀನಿ."

ರಾಜ ತಿರುಗಿದ. "ಪ್ರಧಾನಿಗಳೇ, ಕಟ್ಟಳೆ ನಿಮ್ಮದೇ. ಏನು ಹೇಳ್ತೀರಿ?"

ನಾಳೆ ಬೇರೆ ಬರೀತೀನಿ ಅಂದದ್ದೇ ದುಗ್ಗರಸನ ತಲೆಗೆ ಹೊಕ್ಕಿತು. ಬೀಗರು ಬರುವ ಹೊತ್ತು. ಅವನು ಹಸಿ ಗೋಡೆಗೆ ಅಂಗೈ ಅಪ್ಪಳಿಸಿದ. "ನಾನೇ ಇವನು. ಮುಂಡಾಸು ನನ್ನದು, ಮೀಸೆ ನನ್ನದು, ಮೂಗು ನನ್ನದು. ಇವಳ ಬೆರಳು ಕತ್ತರಿಸಿ."

ಮಾಳಿ ಹಿಂದೆ ನಿಂತಿದ್ದ ನಿಂಗಿಯನ್ನು ಮುಂದಕ್ಕೆ ಎಳೆದುಕೊಂಡಳು. "ಒಡೆಯರು ಒಪ್ಪಿದ್ರು ಸ್ವಾಮಿ. ಚಿತ್ರದಲ್ಲಿರೋ ಕೂಸಿನ ಮೂಗು ನೋಡಿ. ಈ ಕೂಸಿನ ಮೂಗು ನೋಡಿ. ಆಮೇಲೆ ಅವರದನ್ನೂ ನೋಡಿ."

ರಾಜ ಮೂರನ್ನೂ ನೋಡಿದ. ಸಭೆಯೂ ನೋಡಿತು. ದುಗ್ಗರಸ ಕೈ ಹಿಂದಕ್ಕೆ ತೆಗೆದುಕೊಂಡ. ಅಂಗೈ ತುಂಬ ಕೆಮ್ಮಣ್ಣು ಮೆತ್ತಿತ್ತು.

ನಿಂಗಿ ತೊತ್ತಲ್ಲ ಅಂತ ತೀರ್ಪಾಯಿತು. ಬಳುವಳಿಯಿಂದ ಅವಳನ್ನು ಬಿಟ್ಟರು. ಸುದ್ದಿ ಕೇಳಿದ ಬೀಗರು ದಾರಿಯಿಂದಲೇ ಹಿಂದಿರುಗಿದರು. ದುಗ್ಗರಸ ಮತ್ತೆ ಸಭೆಯಲ್ಲಿ ಬಾಯಿಬಿಡಲಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ರಾಜನ ಮನೆಯಲ್ಲೂ ತೊತ್ತುಗಳಿದ್ದರಲ್ಲ? ಅವಮಾನ ಆದದ್ದು ರುಜುವಾತಾಯಿತು, ಕಟ್ಟಳೆ ಕಟ್ಟಳೆಯೇ ಅಂದುಬಿಟ್ಟ. ಮಾಳಿಗೆ ಇದು ಮೊದಲ ದಿನವೇ ಗೊತ್ತಿತ್ತು. ನಿಂಗಿಯ ಕಣ್ಣು ಮುಚ್ಚಿ ಅಂತ ಪಕ್ಕದವರಿಗೆ ಹೇಳಿ, ಬಲಗೈಯನ್ನು ತಾನೇ ಚಾಚಿದಳು. 

ಗಾಯ ಮಾಯಿತು. ಒಂದು ಬೆಳಿಗ್ಗೆ ಅರಮನೆಯ ಗೋಡೆಯ ಮೇಲೆ ಹೊಸ ಚಿತ್ತಾರ ಎದ್ದಿತ್ತು. ಗೆರೆಯೆಲ್ಲ ಸೊಟ್ಟ, ಎಡಗೈಯದು. ಹಸುವಿನ ಕೆಚ್ಚಲಿಗೆ ಕಚ್ಚಿಕೊಂಡ ಹುಳ, ಹುಳದ ತಲೆಯ ಮೇಲೆ ಕಿರೀಟ. ಇದು ನಾನೇ ಅಂತ ಹೇಳಲು ರಾಜ ಬರಲಿಲ್ಲ.

ಇದರ ನೀತಿ ಇಷ್ಟೇ, ಮಕ್ಕಳೇ. ಮನುಷ್ಯರನ್ನು ಸೊತ್ತು ಮಾಡಿಕೊಂಡವನು ಅದಕ್ಕೆ ಸಾಕುವುದು, ಸಲಹುವುದು ಅಂತ ಚೆಂದದ ಹೆಸರು ಇಡುತ್ತಾನೆ. ನಂಬಬೇಡಿ. ಅವನು ಆಡಿದ್ದನ್ನೇ ಚಿತ್ರ ಬರೆದು ಅವನ ಮುಂದೆ ಹಿಡಿಯಿರಿ. ಬೆರಳು ಹೋದೀತು, ಆದರೂ ಹಿಡಿಯಿರಿ.