ಮಚ್ಚೆಗೆ ಬಂದ ಬಣ್ಣದ ಕೋಶ

ಕೆನ್ನೆಯ ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶವೊಂದಿತ್ತು. ಅದು ನೆರೆಯ ಕೋಶಗಳಿಗೆ ಬಣ್ಣ ಕೊಟ್ಟು ಬಿಸಿಲು ತಡೆಯುತ್ತಿತ್ತು. ಅವು ಅದಕ್ಕೆ ಜೀವರಸ ಕೊಡುತ್ತಿದ್ದವು. ಒಂದು ದಿನ ಅದು, "ನಿಮ್ಮ ಹಂಗು ಸಾಕು" ಎಂದು ಆಳಕ್ಕಿಳಿದು ಮಚ್ಚೆಯೊಳಗೆ ಸೇರಿಕೊಂಡಿತು.

ಮಚ್ಚೆಯ ಕೋಶಗಳು ತಾವೇ ರಸ ಮಾಡಿ ಹೊರಗೆ ಸುರಿಯುತ್ತಿದ್ದವು. "ಎಂಥ ದುಂದುಗಾರರು!" ಎಂದುಕೊಂಡ ಹೊಸ ಕೋಶ ತಾನೂ ರಸ ಮಾಡತೊಡಗಿ, ಅದನ್ನೆಲ್ಲ ಒಳಗೇ ಬಚ್ಚಿಟ್ಟಿತು. ಬರಬರುತ್ತ ಸೊರಗಿತು.

"ಅಜ್ಜಿ, ಹೊಟ್ಟೆ ತುಂಬ ರಸವಿದ್ದೂ ನಾನೇಕೆ ಸೊರಗುತ್ತಿದ್ದೇನೆ?" ಎಂದು ಹಿರಿಯ ಕೋಶವನ್ನು ಕೇಳಿತು.

"ನಮ್ಮ ಬಾಯಿರುವುದು ಹೊರಮೈಯಲ್ಲಿ, ಮಗು. ಹೊರಗೆ ಸುರಿದದ್ದನ್ನಷ್ಟೇ ಕುಡಿಯಬಹುದು."

"ಸುರಿದರೆ ಪಕ್ಕದವರೂ ಕುಡಿಯುತ್ತಾರಲ್ಲ!"

"ಕುಡಿಯಲಿ. ಇಲ್ಲಿಗೆ ಬಂದಾಗಿನಿಂದ ನೀನು ಇನ್ನೇನು ಕುಡಿದು ಬದುಕಿದ್ದೀಯೆ?"