ಬೂದಮ್ಮನ ಮರಿಗಳಿಗೆ ನೀರು

ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಹೂಂ ಅಂತಿರಬೇಕು. ಹೂಂ ಅನ್ನದಿದ್ದರೆ ಕೋಳಿ ನಿಂತಲ್ಲೇ ನಿಂತುಬಿಡುತ್ತದೆ.

ಊರಾಚೆ ಒಂದು ಪಾಲಿನ ತೋಟ. ನಾಲ್ಕು ಜನಕ್ಕೆ ನಾಲ್ಕು ಪಾಲು. ಸಾಕಮ್ಮನದೊಂದು. ದೊಡ್ಡಯ್ಯನದೊಂದು. ಬೀಬಮ್ಮನದೊಂದು. ಇನ್ನಾಸಪ್ಪನದೊಂದು. ನಡುವೆ ಒಂದು ಬಾವಿ. ಬಾವಿ ತುಂಬ ನೀರು.

ಸಾಕಮ್ಮನ ಪಾಲಿನಲ್ಲಿ ಒಂದು ಕೋಳಿ. ಬೂದಿ ಬಣ್ಣದ ಕೋಳಿ. ಹೆಸರು ಬೂದಮ್ಮ. ಬೂದಮ್ಮನಿಗೆ ಐದು ಮರಿ. ಮರಿಗಳಿಗೆ ಒಂದು ಮಣ್ಣಿನ ಬೋಗುಣಿ. ಬೋಗುಣಿಗೆ ದಿನಾ ನೀರು.

ಒಂದು ದಿನ ಜಗಳ ಆಯಿತು. ಯಾರ ಬದನೆಗಿಡಕ್ಕೆ ಮೊದಲು ನೀರು ಅಂತ ಜಗಳ. ತೋಟ ಪಾಲು ಮಾಡಿಕೊಂಡವರು ಬಾವಿಯನ್ನು ಬಿಟ್ಟಾರೆಯೇ? ಅದನ್ನೂ ಪಾಲು ಮಾಡಿಕೊಂಡರು. ಸಾಕಮ್ಮ ಬಿಂದಿಗೆ ಒಯ್ದಳು. ದೊಡ್ಡಯ್ಯ ಹಗ್ಗ ಒಯ್ದ. ಬೀಬಮ್ಮ ರಾಟೆ ಒಯ್ದಳು. ರಾಟೆ ನೇತುಹಾಕುವ ತೊಲೆ ಇತ್ತಲ್ಲ, ಇನ್ನಾಸಪ್ಪ ಅದನ್ನೇ ಕಿತ್ತುಕೊಂಡು ಹೋದ. ನಾಲ್ವರೂ ಒಬ್ಬರಿಗೊಬ್ಬರು ಟೂ ಬಿಟ್ಟರು. ಇಷ್ಟು ದೊಡ್ಡವರು, ಟೂ ಬಿಟ್ಟರು. ಬದನೆಗಿಡ ಬಾಡಿತು. ಯಾರೂ ಸೋಲಲಿಲ್ಲ.

ನೀರು ಬಾವಿಯಲ್ಲೇ ಉಳಿಯಿತು. ಬೋಗುಣಿ ಒಣಗಿತು.

ಬೂದಮ್ಮ ಬೋಗುಣಿ ಕುಕ್ಕಿದಳು. ಟಕ್ ಟಕ್. ನೀರಿಲ್ಲ. ಸಾಕಮ್ಮನ ಹತ್ತಿರ ಓಡಿದಳು. ಐದು ಮರಿ ಹಿಂದೆಯೇ ಓಡಿದವು.

"ಅವ್ವ ಅವ್ವ, ಬಿಂದಿಗೆ ಕೊಡು. ಬಿಂದಿಗೆ ಇಲ್ಲದೆ ಬೋಗುಣಿಗೆ ನೀರಿಲ್ಲ. ನೀರಿಲ್ಲದೆ ಮರಿ ಬದುಕಾಕಿಲ್ಲ."

ಸಾಕಮ್ಮ ಬಿಂದಿಗೆ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು.

"ಹಗ್ಗ ಇಲ್ಲದೆ ಬಿಂದಿಗೆ ಕೊಡಾಕಿಲ್ಲ. ದೊಡ್ಡಯ್ಯ ಮೊದಲು ಕೊಡಲಿ," ಅಂದಳು.

ಬೂದಮ್ಮ ದೊಡ್ಡಯ್ಯನ ಹತ್ತಿರ ಓಡಿದಳು. ಐದು ಮರಿ ಹಿಂದೆಯೇ ಓಡಿದವು. ಚಿಕ್ಕಮರಿ ಎಲ್ಲಕ್ಕಿಂತ ಕೊನೆಗೆ ಬಂತು.

"ಅಣ್ಣ ಅಣ್ಣ, ಹಗ್ಗ ಕೊಡು. ಹಗ್ಗ ಇಲ್ಲದೆ ಸಾಕಮ್ಮ ಬಿಂದಿಗೆ ಕೊಡಾಕಿಲ್ಲ. ಬಿಂದಿಗೆ ಇಲ್ಲದೆ ಬೋಗುಣಿಗೆ ನೀರಿಲ್ಲ. ನೀರಿಲ್ಲದೆ ಮರಿ ಬದುಕಾಕಿಲ್ಲ."

ದೊಡ್ಡಯ್ಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಓಡಾಡುತ್ತಿದ್ದ. ಯಾರಾದರೂ ಕದ್ದಾರು ಅಂತ.

"ರಾಟೆ ಇಲ್ಲದೆ ಹಗ್ಗ ಕೊಡಾಕಿಲ್ಲ. ಬೀಬಮ್ಮ ಮೊದಲು ಕೊಡಲಿ," ಅಂದ.

ಬಿಸಿಲು ಏರಿತು. ಬೂದಮ್ಮ ಬೀಬಮ್ಮನ ಹತ್ತಿರ ಓಡಿದಳು. ಮರಿಗಳು ಹಿಂದೆ ನಡೆದವು. ಓಡಲು ಅವಕ್ಕೆ ಆಗಲಿಲ್ಲ. ಚಿಕ್ಕಮರಿ ಕೂತು ಕೂತು ಬಂತು.

"ಅಕ್ಕ ಅಕ್ಕ, ರಾಟೆ ಕೊಡು. ರಾಟೆ ಇಲ್ಲದೆ ದೊಡ್ಡಯ್ಯ ಹಗ್ಗ ಕೊಡಾಕಿಲ್ಲ. ಹಗ್ಗ ಇಲ್ಲದೆ ಸಾಕಮ್ಮ ಬಿಂದಿಗೆ ಕೊಡಾಕಿಲ್ಲ. ಬಿಂದಿಗೆ ಇಲ್ಲದೆ ಬೋಗುಣಿಗೆ ನೀರಿಲ್ಲ. ನೀರಿಲ್ಲದೆ ಮರಿ ಬದುಕಾಕಿಲ್ಲ."

ಬೀಬಮ್ಮ ರಾಟೆಯನ್ನು ಕೂಸಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡಿದ್ದಳು. ಮರಿಗಳನ್ನು ನೋಡಿ ಅಯ್ಯೋ ಪಾಪ ಅಂದಳು. ಪಾಪ ಅನ್ನೋದಕ್ಕೆ ಏನು ಖರ್ಚು?

"ತೊಲೆ ಇಲ್ಲದೆ ರಾಟೆ ಕೊಡಾಕಿಲ್ಲ. ಇನ್ನಾಸಪ್ಪ ಮೊದಲು ಕೊಡಲಿ," ಅಂದಳು.

ಬಿಸಿಲು ನೆತ್ತಿಗೆ ಬಂತು. ಬೂದಮ್ಮ ಇನ್ನಾಸಪ್ಪನ ಹತ್ತಿರ ಹೋದಳು. ಮರಿಗಳು ಬಾಯಿ ಬಿಟ್ಟುಕೊಂಡು ಹಿಂದೆ ಬಂದವು.

"ಅಣ್ಣ ಅಣ್ಣ, ತೊಲೆ ಕೊಡು. ತೊಲೆ ಇಲ್ಲದೆ ಬೀಬಮ್ಮ ರಾಟೆ ಕೊಡಾಕಿಲ್ಲ. ರಾಟೆ ಇಲ್ಲದೆ ದೊಡ್ಡಯ್ಯ ಹಗ್ಗ ಕೊಡಾಕಿಲ್ಲ. ಹಗ್ಗ ಇಲ್ಲದೆ ಸಾಕಮ್ಮ ಬಿಂದಿಗೆ ಕೊಡಾಕಿಲ್ಲ. ಬಿಂದಿಗೆ ಇಲ್ಲದೆ ಬೋಗುಣಿಗೆ ನೀರಿಲ್ಲ. ನೀರಿಲ್ಲದೆ ಮರಿ ಬದುಕಾಕಿಲ್ಲ."

ಇನ್ನಾಸಪ್ಪ ತೊಲೆಯ ಮೇಲೆ ತಲೆಯಿಟ್ಟು ಮಲಗಿದ್ದ. ಕಣ್ಣೂ ಬಿಡಲಿಲ್ಲ.

"ಬಿಂದಿಗೆ ಇಲ್ಲದೆ ತೊಲೆ ಕೊಡಾಕಿಲ್ಲ. ಸಾಕಮ್ಮ ಮೊದಲು ಕೊಡಲಿ," ಅಂದ.

ಸುತ್ತಿ ಸುತ್ತಿ ಎಲ್ಲಿಗೆ ಬಂತು ನೋಡಿದಿರಾ? ಹೊರಟಲ್ಲಿಗೇ ಬಂತು.

ಬೂದಮ್ಮ ಮತ್ತೆ ಸಾಕಮ್ಮನ ಹತ್ತಿರ ಹೋದಳು. ರೆಕ್ಕೆ ಜೋತುಬಿದ್ದಿತ್ತು. ದನಿ ಒಣಗಿತ್ತು. ಆದರೂ ಹೇಳಿದಳು.

"ಅವ್ವ ಅವ್ವ, ಬಿಂದಿಗೆ ಕೊಡು. ಬಿಂದಿಗೆ ಇಲ್ಲದೆ ಇನ್ನಾಸಪ್ಪ ತೊಲೆ ಕೊಡಾಕಿಲ್ಲ. ತೊಲೆ ಇಲ್ಲದೆ ಬೀಬಮ್ಮ ರಾಟೆ ಕೊಡಾಕಿಲ್ಲ. ರಾಟೆ ಇಲ್ಲದೆ ದೊಡ್ಡಯ್ಯ ಹಗ್ಗ ಕೊಡಾಕಿಲ್ಲ. ಹಗ್ಗ ಇಲ್ಲದೆ ನೀನು ಬಿಂದಿಗೆ ಕೊಡಾಕಿಲ್ಲ. ಬಿಂದಿಗೆ ಇಲ್ಲದೆ ಬೋಗುಣಿಗೆ ನೀರಿಲ್ಲ. ನೀರಿಲ್ಲದೆ ಮರಿ ಬದುಕಾಕಿಲ್ಲ."

"ದೊಡ್ಡಯ್ಯ ಮೊದಲು..." ಅಂತ ಸಾಕಮ್ಮ ಬಾಯಿ ತೆಗೆದಳು. ಮರಿಗಳನ್ನು ನೋಡಿದಳು. ನಾಲ್ಕೇ ಇದ್ದವು.

"ಇನ್ನೊಂದೆಲ್ಲೇ?"

"ಬಾವಿ ಹತ್ತಿರ ಬಿದ್ದದೆ."

ಸಾಕಮ್ಮ ಎದ್ದು ಹೋದಳು. ಚಿಕ್ಕಮರಿ ಬಾವಿಕಟ್ಟೆಯ ಬುಡದಲ್ಲಿ ಬಿದ್ದಿತ್ತು. ಕೊಕ್ಕು ತೆರೆದೇ ಇತ್ತು. ಕಲ್ಲಿನ ಆಚೆ ನೀರು, ಈಚೆ ಚಿಕ್ಕಮರಿ. ಸಾಕಮ್ಮ ಬಿಂದಿಗೆ ತಂದು ಇನ್ನಾಸಪ್ಪನ ಮುಂದೆ ಇಟ್ಟಳು.

ಬಿಂದಿಗೆ ನೋಡಿ ಇನ್ನಾಸಪ್ಪ ತೊಲೆ ಕೊಟ್ಟ. ತೊಲೆ ನೋಡಿ ಬೀಬಮ್ಮ ರಾಟೆ ಕೊಟ್ಟಳು. ರಾಟೆ ನೋಡಿ ದೊಡ್ಡಯ್ಯ ಹಗ್ಗ ಕೊಟ್ಟ. ಹಗ್ಗ ಕಟ್ಟಿ ಸಾಕಮ್ಮ ಬಿಂದಿಗೆ ಇಳಿಬಿಟ್ಟಳು. ಗಡ ಗಡ ಗಡ. ಬಿಂದಿಗೆ ಮೇಲೆ ಬಂತು. ಬೋಗುಣಿ ತುಂಬಿತು. ಇಷ್ಟೇ ಕೆಲಸ. ಬೆಳಿಗ್ಗೆಯೇ ಆಗುತ್ತಿತ್ತು.

ನಾಲ್ಕು ಮರಿ ಕುಡಿದವು. ಕೊಕ್ಕು ಅದ್ದಿದವು, ತಲೆ ಎತ್ತಿದವು. ಕೊಕ್ಕು ಅದ್ದಿದವು, ತಲೆ ಎತ್ತಿದವು. ಸಾಕಮ್ಮ ಚಿಕ್ಕಮರಿಯ ಕೊಕ್ಕಿಗೂ ಬೆರಳಿಂದ ನೀರು ಬಿಟ್ಟಳು. ನೀರು ಒಳಗೆ ಹೋಗಲಿಲ್ಲ. ಪಕ್ಕಕ್ಕೆ ಇಳಿದು ಮಣ್ಣಿಗೆ ಹೋಯಿತು.

ಅಷ್ಟರಲ್ಲಿ ಉಳಿದವರು ಶುರುಮಾಡಿದರು. ತೊಲೆ ಕೊಟ್ಟವನು ನಾನು ಅಂದ ಇನ್ನಾಸಪ್ಪ. ರಾಟೆ ಕೊಟ್ಟವಳು ನಾನು ಅಂದಳು ಬೀಬಮ್ಮ. ಹಗ್ಗ ಕೊಟ್ಟವನು ನಾನು ಅಂದ ದೊಡ್ಡಯ್ಯ. ಆಮೇಲೆ ದೊಡ್ಡಯ್ಯ ಬಗ್ಗಿ ಬೋಗುಣಿ ನೋಡಿದ. ತಳದಲ್ಲಿ ಒಂದಿಷ್ಟು ನೀರು ಮಿಕ್ಕಿತ್ತು. ಅವನಿಗೆ ತನ್ನ ಬದನೆಗಿಡದ ಚಿಂತೆ.

"ಇದು ಯಾರ ಪಾಲು?" ಅಂದ.

"ಚಿಕ್ಕಮರೀದು," ಅಂದಳು ಬೂದಮ್ಮ.

ದೊಡ್ಡಯ್ಯ ಬೋಗುಣಿ ಬಿಟ್ಟು ಹಿಂದೆ ಸರಿದ. ತೊಲೆ ಬಾವಿಯ ಮೇಲೇ ಉಳಿಯಿತು. ರಾಟೆ ತೊಲೆಯಲ್ಲೇ ಉಳಿಯಿತು. ಹಗ್ಗ ರಾಟೆಯಲ್ಲೇ ಉಳಿಯಿತು. ಬಿಂದಿಗೆ ಹಗ್ಗದಲ್ಲೇ ಉಳಿಯಿತು. ಸಾಕಮ್ಮ ಈಗ ದಿನಾ ಬೋಗುಣಿ ತುಂಬುತ್ತಾಳೆ. ಐದು ಮರಿಗೆ ಆಗುವಷ್ಟು ತುಂಬುತ್ತಾಳೆ. ನಾಲ್ಕು ಮರಿ ಕುಡಿಯುತ್ತವೆ.